ಘಾಣ ಮಾಡಬ್ಯಾಡ್ರಿ

ಅಥಣಿ ಸೀಮೆಯ ಒಂದು ಪಟ್ಟಣದಲ್ಲಿ, ಕೃಷ್ಣೆಯ ದಂಡೆಗೆ, ಸಂಸ್ಥಾನದ ಕಾಲದ ಉದ್ಯಾನವಿದೆ. ಹುಣಸೆಮರಗಳ ನೆರಳಲ್ಲಿ ಹೊಳೆಯುದ್ದಕ್ಕೂ ಕಾಲುದಾರಿ, ಕೆಳಗೆ ಕಲ್ಲಿನ ಘಾಟು. ಗಂಡ ಸತ್ತಾಗಿನಿಂದ ದ್ರೌಪದಿ ಉದ್ಯಾನದ ಬಾಗಿಲಲ್ಲಿ ಕಬ್ಬಿನಹಾಲು ಮಾರಿ ಬದುಕಿದವಳು. ಕಬ್ಬು ಹಿಂಡುವ, ಗೆಜ್ಜೆ ಕಟ್ಟಿದ ಗಾಣ ಬಿಟ್ಟರೆ ಅವಳಿಗೆ ಬೇರೆ ದಿಕ್ಕಿಲ್ಲ.

ಅಲ್ಲಿಗೆ ಬರುವವರನ್ನು ಕಂಡರೆ ಅವಳಿಗೆ ಹೇಸಿಕೆ. ಆರೋಗ್ಯಕ್ಕೆಂದು ಬಿರಬಿರನೆ ನಡೆಯುವ ದೊಡ್ಡ ಮನುಷ್ಯರೇ ಮರದ ಬುಡಕ್ಕೆ ಗುಟಕಾ ಉಗಿಯುತ್ತಾರೆ. ಘಾಟಿನ ಮೆಟ್ಟಿಲ ಮೇಲೆ ಕೋಳಿಯ ಎಲುಬು, ಹೇಲು ತುಂಬಿದ ಡೈಪರು. ಅದೇ ನೀರಿಗೆ ಕೈಮುಗಿದು 'ಕೃಷ್ಣಾಮಾಯಿ' ಅನ್ನುತ್ತಾರೆ, ಥೂ! ಅವಳು ದಿನಾ ಕಸ ಗುಡಿಸಿ ನೀರು ಹೊಡೆದರೂ, ಅಲ್ಲಿಂದೆದ್ದ ನೊಣ ನೇರ ಅವಳ ಗ್ಲಾಸಿನ ಮೇಲೆ ಕೂರುತ್ತಿತ್ತು.

ಕೊನೆಗೆ ಪುರಸಭೆಯ ಕಚೇರಿಗೆ ಹೋಗಿ, ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರ ಮುಂದೆ ನಿಂತಳು.

"ಸಾಹೇಬ್ರ, ಗಾರ್ಡನ್ನ್ಯಾಗ ಘಾಣ ಮಾಡಬ್ಯಾಡ್ರಿ ಅಂತ ಒಂದ್ ಬೋರ್ಡ್ ಹಾಕಸ್ರಿ. ತುತ್ತು ಬಾಯಿಗಿಡಾಕ ಮನಸ್ಸಾಗವಲ್ದು."

ಈ ಗಡಿಸೀಮೆಯಲ್ಲಿ ಘಾಣ ಎಂದರೆ ಹೊಲಸು. ಮರಾಠಿಯಿಂದ ಬಂದು ಎಲ್ಲರ ನಾಲಿಗೆಯಲ್ಲಿ ಕೂತ ಮಾತು. ಸಾಹೇಬರು ಅದನ್ನೆಲ್ಲಿ ಬಲ್ಲರು? "ಆಯ್ತಮ್ಮ, ಹಾಕಿಸೋಣ" ಎಂದರು.

ಬೋರ್ಡು ಬಂತು. ದ್ರೌಪದಿಗೆ ಓದು ಬಾರದು. ಹಿಗ್ಗಿನಿಂದ ಅದರ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಳು. ಆಮೇಲೆ ವಾಚಮನ್ ಸಂಭಾಜಿ ಓದಿ ಹೇಳಿದ.

"ಅಕ್ಕಾ, 'ಇಲ್ಲಿ ಗಾಣ ಹಾಕುವುದನ್ನು ನಿಷೇಧಿಸಿದೆ' ಅಂತ ಬರದಾರ. ನಿನ್ನ ಗಾಣ ತಗೀಬೇಕಂತ."

"ಏ ತಮ್ಮಾ, ನಾ ಹೇಳಿದ್ದು ಹೊಲಸಿನ ಮಾತು! ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಸಾಹೇಬ್ರಿಗೂ ಹೇಳ್ದೆ. ಬರದದ್ದು ಬರದಾತು, ಮೊದ್ಲ ಗಾಣ ತಗಸು ಅಂದ್ರು." ಹೀಗೆಂದವನೇ ಬಾಯಲ್ಲಿದ್ದ ಗುಟಕಾವನ್ನು ಆ ಕಂಬಕ್ಕೇ ಉಗಿದ. ಎಂಜಲು ಅವಳು ಹಚ್ಚಿದ ಕುಂಕುಮದ ಮೇಲೆ ಇಳಿಯಿತು.

ದ್ರೌಪದಿ ಗಾಣದ ಗೆಜ್ಜೆ ಬಿಚ್ಚಿ ಉಡಿಯಲ್ಲಿ ಕಟ್ಟಿಕೊಂಡಳು.

"ಗಾಣ ತಗೀತೀನಿ. ಇನ್ನ ನಿಮ್ಮ ಘಾಣದಾಗ ನೀವ ಅಡ್ಡಾಡ್ರಿ" ಎಂದಳು. ಥೂ ಎಂದು ಉಗಿಯಹೋದವಳು, ಬೆಳಿಗ್ಗೆ ತಾನೇ ಗುಡಿಸಿದ್ದ ನೆಲ ಕಂಡು ನುಂಗಿಕೊಂಡಳು.