ಹಿತ್ತಾಳೆ ಪಂಪು ಮತ್ತು ಹಳದಿಯಾದ ಕ್ಸೈಲೀನ್

ರಾಸಾಯನಿಕ ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮರುವರ್ಷ ನಾನು ಪುತ್ತೂರಿನ ಹೊರವಲಯದ ಸಣ್ಣ ಘಟಕವೊಂದಕ್ಕೆ ತಾಂತ್ರಿಕ ಸಲಹೆಗಾರನಾದೆ. ಹುದ್ದೆಯ ಹೆಸರು ದೊಡ್ಡದು, ಕುರ್ಚಿ ಪ್ಲಾಸ್ಟಿಕ್ಕಿನದು. ಬೆಳ್ಳಾರೆಯಿಂದ ಬೆಳಗಿನ ಬಸ್ಸಿನಲ್ಲಿ ಹೋಗಿ ಹತ್ತು ಗಂಟೆಗೆ ಅದನ್ನು ಅಲಂಕರಿಸುತ್ತಿದ್ದೆ. ಮಾಲೀಕ ಹಮೀದ್, ಗಲ್ಫಿನ ರಿಫೈನರಿಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು.

ಕಚ್ಚಾತೈಲದಿಂದ ಸಿಗುವ ನಾಫ್ತಾವನ್ನು ವಿಪರೀತ ಕಾಯಿಸಿ ಪ್ಲಾಸ್ಟಿಕ್ಕಿನ ಮೂಲವಸ್ತು ತಯಾರಿಸುವ ದೊಡ್ಡ ಕಾರ್ಖಾನೆಗಳಲ್ಲಿ ಪೈರಾಲಿಸಿಸ್ ಗ್ಯಾಸೋಲಿನ್ ಎಂಬ ದ್ರವ ಉಪ ಉತ್ಪನ್ನವಾಗಿ ಉಳಿಯುತ್ತದೆ. ಅದರಲ್ಲಿ ಬೆಂಜೀನ್, ಟಾಲೂಯಿನ್, ಕ್ಸೈಲೀನ್ ಎಂಬ ಬೆಲೆಬಾಳುವ ಆರೊಮ್ಯಾಟಿಕ್ ಸಂಯುಕ್ತಗಳಿರುತ್ತವೆ. ಬೆಂಜೀನ್ ತೆಗೆದು, ಹೈಡ್ರೋಜನ್ ಹಾಯಿಸಿ ಅಸ್ಥಿರ ಸಂಯುಕ್ತಗಳನ್ನು ಮುಕ್ಕಾಲು ಪಳಗಿಸಿದ ಭಾಗವನ್ನು ನಾವು ಟ್ಯಾಂಕರಿನಲ್ಲಿ ತರಿಸಿ, ಡಿಸ್ಟಿಲೇಶನ್ ಕಾಲಂ ಎಂಬ ಎತ್ತರದ ಉಕ್ಕಿನ ಗೋಪುರದಲ್ಲಿ ಕುದಿಸಿ, ಸುಮಾರು 140 ಡಿಗ್ರಿಯಲ್ಲಿ ಆವಿಯಾಗುವ ಕ್ಸೈಲೀನನ್ನು ಬೇರ್ಪಡಿಸುತ್ತಿದ್ದೆವು. ಪೈಂಟಿಗೆ ಬೇಕಾದ ವಸ್ತು, ನೀರಿನಷ್ಟು ತಿಳಿಯಾಗಿರಬೇಕು.

ಮಂಗಳೂರಿನ ಪೈಂಟ್ ಕಂಪನಿಯೊಂದು ಒಂದು ಡ್ರಮ್ ಮಾದರಿ ಕೇಳಿತು. ಒಪ್ಪಿದರೆ ವರ್ಷಪೂರ್ತಿ ಖರೀದಿ. ಬೇರೆ ಗಿರಾಕಿ ನಮಗಿರಲಿಲ್ಲ. ತಿಳಿಯಾಗಿ ಹೋದ ಡ್ರಮ್ಮು ಐದನೇ ದಿನ ಹಳದಿಯಾಗಿ, ತಳದಲ್ಲಿ ಅಂಟು ಕಟ್ಟಿಕೊಂಡು ವಾಪಸು ಬಂತು.

"ರೈಗಳೇ, ಇದು ಕ್ಸೈಲೀನಾ, ಎಳ್ಳೆಣ್ಣೆಯಾ?" ಎಂದರು ಹಮೀದ್.

ನಾನು ಗಂಭೀರ ಮುಖ ಮಾಡಿ ತನಿಖೆಗಿಳಿದೆ. ತಣಿದ ದ್ರವದ ಒಂದಂಶವನ್ನು ಶುದ್ಧತೆಗಾಗಿ ಕಾಲಂಗೆ ಮರಳಿ ಬಿಡುವುದಕ್ಕೆ ರಿಫ್ಲಕ್ಸ್ ಎನ್ನುತ್ತಾರೆ, ಅದನ್ನು ಹೆಚ್ಚಿಸಿದೆ. ಕಲ್ಮಶ ಹೀರುವ ಜೇಡಿಮಣ್ಣು ಬದಲಿಸಿದೆ. ಹೊಸ ಡ್ರಮ್ಮು ತರಿಸಿದೆ. ಎರಡನೆಯದೂ ಹಳದಿ. ಕಾಲಂನಿಂದ ನೇರವಾಗಿ ಬಾಟಲಿಗೆ ಹಿಡಿದಿಟ್ಟದ್ದು ಮಾತ್ರ ನನ್ನ ಮೇಜಿನ ಮೇಲೆ ತಿಳಿಯಾಗಿಯೇ ಕುಳಿತು ನನ್ನನ್ನು ಅಣಕಿಸುತ್ತಿತ್ತು. ಸಿಟ್ಟಿಗೆ ಥರ್ಮಾಮೀಟರನ್ನು ಬೈದೆ. ಮೂರನೆಯದೇ ಕೊನೆಯದು ಎಂದು ಕಂಪನಿ ತಿಳಿಸಿತು.

ಮೂರು ದಿನ ಕಾಲಂ ಬುಡದಲ್ಲೇ ಕುಳಿತೆ. ಟ್ಯಾಂಕು ತುಂಬಿದ ಮೇಲೆ, ಇನ್ನು ಡ್ರಮ್ಮಿಗೆ ಇಳಿಸುವುದಷ್ಟೇ ಎಂದುಕೊಂಡು, ಕರ್ತವ್ಯ ಮುಗಿಸಿದವನ ಠೀವಿಯಲ್ಲಿ ಸಂಜೆಯ ಬಸ್ಸು ಹಿಡಿದೆ. ಮರುದಿನ ಹೋಗುವಾಗ ಪಿಕಪ್ಪಿನಲ್ಲಿ ಡ್ರಮ್ಮು ಹೊರಟುಹೋಗಿತ್ತು. ನಲ್ಲಿಯ ಬಳಿ ನಮ್ಮ ಆಪರೇಟರ್, ಕಾಣಿಯೂರಿನ ಶೇಷಪ್ಪ, ಹಿತ್ತಾಳೆ ಪಂಪೊಂದನ್ನು ತೊಳೆಯುತ್ತಿದ್ದ. ಸಿಮೆಂಟಿನ ಮೇಲೆ ತಿಳಿನೀಲಿ ನೀರು ಹರಿಯುತ್ತಿತ್ತು.

"ಇದು ಎಂತ ಶೇಷಪ್ಪ?"

"ಮನೆದು ಸಾರ್, ಅಡಿಕೆಗೆ ಮದ್ದು ಬಿಡುವ ಪಂಪು. ನಾಳೆ ಮದ್ದು ಬಿಡ್ಲಿಕ್ಕೆ ಉಂಟು."

"ಇಲ್ಲಿಗೆ ಯಾಕೆ ಬಂತು?"

"ಡ್ರಮ್ಮಿಗೆ ತುಂಬಿಸ್ಲಿಕ್ಕೆ. ಮೂರು ಸಲವೂ ಇದರಲ್ಲೇ ತುಂಬಿಸಿದ್ದು. ನೀವೇ ಹೇಳಿದ್ದಲ್ವಾ ಸಾರ್, ಕಬ್ಬಿಣ ತಾಗಿದ್ರೆ ಕಿಡಿ ಹಾರ್ತದೆ, ಹಿತ್ತಾಳೆಗೆ ಆ ಭಯ ಇಲ್ಲ ಅಂತ?"

ಹೇಳಿದ್ದೆ. ಮೊದಲ ದಿನವೇ, ನಲವತ್ತು ನಿಮಿಷ. ಅದನ್ನು ಕೇಳಿದವನು ಘಟಕದ ಕಬ್ಬಿಣದ ಕೈಪಂಪನ್ನು ಭಯಭಕ್ತಿಯಿಂದ ಬದಿಗಿಟ್ಟಿದ್ದ. ಆ ಮದ್ದು ಮೈಲುತುತ್ತಿನದು, ಅಂದರೆ ತಾಮ್ರದ ಲವಣ. ಹಿತ್ತಾಳೆಯಲ್ಲೂ ತಾಮ್ರವೇ. ನಮ್ಮ ಕ್ಸೈಲೀನಿನಲ್ಲಿ ಪಳಗದೆ ಉಳಿದ ಚೂರುಪಾರು ಸಂಯುಕ್ತಗಳಿಗೂ ಗಾಳಿಯ ಆಮ್ಲಜನಕಕ್ಕೂ ಮದುವೆ ಮಾಡಿಸುವುದರಲ್ಲಿ ತಾಮ್ರದಂಥ ದಲ್ಲಾಳಿ ಇನ್ನೊಂದಿಲ್ಲ. ಹುಟ್ಟುವ ಸಂತಾನವೇ ಆ ಹಳದಿ ಅಂಟು.

"ನಾಲ್ಕು ಸಲ ತೊಳೆದೇ ತುಂಬಿಸಿದ್ದು ಸಾರ್," ಎಂದ ಶೇಷಪ್ಪ. ನೀರು ನಾಲ್ಕು ಸಲವೂ ಬಿಟ್ಟುಹೋದ ತಾಮ್ರವನ್ನು ಕ್ಸೈಲೀನ್ ಐದನೇ ಸಲ ತೊಳೆದುಕೊಂಡು ಹೋಗಿತ್ತು.

ಹಮೀದ್ ಕಂಪನಿಗೆ ಫೋನು ಮಾಡಿದರು. ಡ್ರಮ್ಮು ತೆರೆಯಬೇಡಿ, ನಾಳೆಯೇ ಬೇರೆ ಕಳಿಸುತ್ತೇವೆ ಎಂದು ಬೇಡಿಕೊಂಡರು. ಮೂರು ಅಂದರೆ ಮೂರೇ ಎಂಬ ಉತ್ತರ ಬಂತು. ಅವರು ಫೋನನ್ನು ಜೇಬಿಗಿಳಿಸಿ ಪಂಪನ್ನೇ ನೋಡುತ್ತ ನಿಂತರು.

"ಕಾಲಂ ಹತ್ರ ಕೇಳಿದ್ರಿ, ಜೇಡಿ ಹತ್ರ ಕೇಳಿದ್ರಿ. ಎಂತದ್ರಲ್ಲಿ ತುಂಬಿಸುದು ಮಾರಾಯ ಅಂತ ಇವನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ, ರೈಗಳೇ?"

ಮೂವತ್ತೆರಡು ವರ್ಷಗಳ ಅನುಭವವನ್ನು ಹೊತ್ತುಕೊಂಡು ನಾನೇ ಪೇಟೆಗೆ ಹೋದೆ. ಸ್ಟೀಲ್ ಪಂಪು ತಂದು ನಾಲ್ಕನೇ ಡ್ರಮ್ಮು ತುಂಬಿಸಿದೆವು. ತಿಂಗಳುಗಟ್ಟಲೆ ಅದು ನೀರಿನಂತೆ ತಿಳಿಯಾಗಿ ಶೆಡ್ಡಿನಲ್ಲೇ ನಿಂತಿತ್ತು, ಹಮೀದ್ ಘಟಕಕ್ಕೇ ಬೀಗ ಹಾಕುವವರೆಗೂ.

ಈಗಲೂ ಯಾರಾದರೂ ಸಲಹೆಗೆ ಕರೆಯುವುದುಂಟು. ಕಾಲಂ ಹತ್ತಿರ ಆಮೇಲೆ ಹೋಗುತ್ತೇನೆ; ಮೊದಲು ಡ್ರಮ್ಮು ತುಂಬುವವನ ಪಕ್ಕ ನಿಲ್ಲುತ್ತೇನೆ. ಉಪದೇಶದ ಚಟ ಬಿಟ್ಟಿಲ್ಲ. ಆದರೆ ಅದನ್ನು ಅರ್ಧಕ್ಕೇ ನಿಲ್ಲಿಸಿ ಕೇಳುತ್ತೇನೆ: "ನಾನು ಹೇಳಿದ್ದು ನಂಬಿ ನಾಳೆ ನೀನು ಮನೆಯಿಂದ ಎಂತ ತರುದು, ಮಾರಾಯ?"