ಭಾನುವಾರವೋ, ಬುಧವಾರವೋ

ಅಣ್ಣ ಸಿಕ್ಕಿದ್ದು ಜನವರಿಯ ಒಂದು ಶನಿವಾರ ಮಧ್ಯಾಹ್ನ. ಕಿರವತ್ತಿಯಿಂದ ಒಳಗೆ ಹೋಗುವ ಕಾಡಿನ ರಸ್ತೆಯಲ್ಲಿ ಒಂದು ದೊಡ್ಡ ತಿರುವಿದೆ. ಅದರ ಕೆಳಗಿನ ಹಳ್ಳದಲ್ಲಿದ್ದ. ತರಗೆಲೆ ಗುಡಿಸಲು ಹೋದ ಹೆಂಗಸರಿಗೆ ಮೊದಲು ಬೈಕಿನ ಕನ್ನಡಿ ಕಂಡಿತಂತೆ, ಆಮೇಲೆ ಅವನು.

ಅವನು ಕಿರವತ್ತಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದರೆ ಸಾಕು, ಬೇರಿಂಗ್ ಹೋಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ನಾನು ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆಯಿ, ನಮ್ಮಮ್ಮ, ನನ್ನ ಜೊತೆಗಿದ್ದಾಳೆ. ವಾರಕ್ಕೊಮ್ಮೆ ಫೋನ್ ಮಾಡಿ, ಆಯಿ ಏನು ಅಡಿಗೆ ಮಾಡಿದಳು ಎಂದು ಕೇಳುವುದು ಅವನ ರೂಢಿ.

ಅವನು ಸಿಗುವ ಹಿಂದಿನ ಭಾನುವಾರ ಸಂಜೆ ಆರೂ ಹತ್ತಕ್ಕೆ ಅವನ ಫೋನ್ ಬಂದಿತ್ತು. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ನಾಳೆ ಮಾಡಿದರಾಯಿತು ಎಂದು ಎತ್ತಲಿಲ್ಲ. ಸೋಮವಾರ ನಾನು ಮಾಡಿದೆ, ಲೈನ್ ಸಿಗಲಿಲ್ಲ. ಹಳ್ಳಿಯ ಕೆಲಸಕ್ಕೆ ಹೋದರೆ ಎರಡು ದಿನ ಸಿಗದಿರುವುದು ಹೊಸದೇನಲ್ಲ. ಅವನ ಅಂಗಡಿ ಭಾನುವಾರದಿಂದ ತೆರೆದೇ ಇಲ್ಲವೆಂದು ಪಕ್ಕದ ಚಹಾ ಅಂಗಡಿಯವರು ಹೇಳಿದ್ದು ಬುಧವಾರ ರಾತ್ರಿ. ಗುರುವಾರ ದೂರು ಕೊಟ್ಟೆವು.

ಆ ಶನಿವಾರವೇ ಶವಪರೀಕ್ಷೆ ಮಾಡಿದ ಡಾಕ್ಟರು ನನಗಿಂತ ಚಿಕ್ಕವಳು. ತಲೆಗೆ ಪೆಟ್ಟು, ಕಾಲು ಮುರಿದಿದೆ ಎಂದಳು. ಯಾವಾಗ ಎಂದು ಕೇಳಿದೆ.

"ಹುಳುಗಳ ಬೆಳವಣಿಗೆ ನೋಡಿದರೆ ಸುಮಾರು ಮೂರು ದಿನ."

ಮೂರು ದಿನ ಅಂದರೆ ಬುಧವಾರ. ಕಾಡಿನೊಳಗಿನ ಒಂದು ಮನೆಯ ಪಂಪು ಸರಿಮಾಡಿ ಭಾನುವಾರ ಸಂಜೆ ಆರಕ್ಕೆ ಹೊರಟಿದ್ದ ಎಂದು ಆ ಮನೆಯವರು ಹೇಳಿದ್ದರು. ಬೈಕು ಬಿದ್ದದ್ದು ಅಂದೇ. ಹಾಗಾದರೆ ಸೋಮವಾರ ನಾನು ಹತ್ತನೇ ತರಗತಿಗೆ ಪಾಠ ಮಾಡಿದಾಗ ಅವನು ಅಲ್ಲಿ ಇನ್ನೂ ಜೀವಂತವಿದ್ದ. ಮಂಗಳವಾರ ಆಯಿ ಮತ್ತು ನಾನು ಸಂತೆಗೆ ಹೋದಾಗಲೂ. ಈ ಲೆಕ್ಕ ಹಾಕುತ್ತಿದ್ದಾಗ ನನಗೆ ಅಳು ಬರಲಿಲ್ಲ. ಬೆಂಚಿನ ಮೇಲೆ ಕೂತು, ಎದುರಿನ ಗೋಡೆಯ ಟೈಲ್ಸ್‌ನಲ್ಲಿ ಒಂದು ಬೇರೆ ಬಣ್ಣದ್ದಿರುವುದನ್ನು ನೋಡುತ್ತಿದ್ದೆ.

ಆಮೇಲೆ ಒಳಗೆ ಹೋಗಿ, "ಆ ಹುಳು ನೋಡಬಹುದಾ?" ಎಂದು ಕೇಳಿದೆ.

ಡಾಕ್ಟರು ನನ್ನ ಮುಖ ನೋಡಿದಳು. "ಬೇಡ ಮೇಡಂ."

"ನಾನು ಜೀವಶಾಸ್ತ್ರ ಕಲಿಸುವವಳು."

ಸ್ಪಿರಿಟ್ ತುಂಬಿದ ಸಣ್ಣ ಬಾಟಲಿ ತಂದು ಮೇಜಿನ ಮೇಲಿಟ್ಟಳು. ನೊಣದ ಹುಳು, ಬೆಳವಣಿಗೆಯ ಮೂರನೆಯ ಹಂತದ್ದು. ಅರ್ಧ ಇಂಚಿಗೆ ಸ್ವಲ್ಪ ಕಡಿಮೆ. ಪ್ರತಿ ವರ್ಷ ಲ್ಯಾಬಿನಲ್ಲಿ ಬಾಳೆಹಣ್ಣಿನ ತುಂಡು ಹಾಕಿ ಎರಡು ಬಾಟಲಿಗಳಲ್ಲಿ ನೊಣ ಬೆಳೆಸುತ್ತೇನೆ; ಒಂದು ಬಿಸಿಲಿನ ಕಿಟಕಿಯ ಹತ್ತಿರ, ಇನ್ನೊಂದು ನೀರಿನ ಮಡಕೆಯ ಪಕ್ಕ. ಕಿಟಕಿಯದು ಮೊದಲು ಹಾರುತ್ತದೆ. ಮಡಕೆಯದು ಇನ್ನೂ ಹುಳುವಾಗಿಯೇ ಇರುತ್ತದೆ. ಮಕ್ಕಳು ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ.

"ಮೂರು ದಿನ ಅಂದಿದ್ದು ಎಷ್ಟು ಉಷ್ಣಾಂಶದ ಲೆಕ್ಕದಲ್ಲಿ?" ಎಂದೆ.

"ಸಾಮಾನ್ಯವಾಗಿ ಊರಲ್ಲಿ ಇರುವಷ್ಟು. ಯಾಕೆ?"

"ಅದು ಹಳ್ಳ. ಬಿಸಿಲು ಬೀಳುವುದಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಅಲ್ಲಿಯ ಥಂಡಿ ಎಷ್ಟೆಂದು ಗೊತ್ತಾದರೆ ನಾನು ಮತ್ತೆ ಯೋಚನೆ ಮಾಡಬಹುದು."

ಮರುದಿನ, ಭಾನುವಾರ, ದಹನವಾಯಿತು. ಸೋಮವಾರ ಶಾಲೆಯ ಥರ್ಮಾಮೀಟರು ತೆಗೆದುಕೊಂಡು ಠಾಣೆಗೆ ಹೋದೆ.

"ಬರ್ರಿ ಮೇಡಂ, ಕುಂದರ್ರಿ," ಎಂದರು ಹವಾಲ್ದಾರರು. ಹಾವೇರಿ ಕಡೆಯವರು. ಹೇಳಿದ್ದನ್ನೆಲ್ಲ ಕೇಳಿ, ಏನೂ ಪ್ರಶ್ನೆ ಮಾಡದೆ ಜೀಪಿನಲ್ಲಿ ಕರೆದುಕೊಂಡು ಹೋದರು. ಮರುದಿನವೂ, ಅದರ ಮರುದಿನವೂ ಬಂದರು.

ಅಣ್ಣ ಬಿದ್ದಿದ್ದ ಕಲ್ಲಿನ ಪಕ್ಕ ಒಂದು ಟೊಂಗೆಗೆ ಥರ್ಮಾಮೀಟರು ಕಟ್ಟಿದೆ. ಬೆಳಿಗ್ಗೆ ಎಂಟಕ್ಕೆ ಹನ್ನೆರಡು ಡಿಗ್ರಿ. ನಡುಮಧ್ಯಾಹ್ನ ಹದಿನೆಂಟು. ಹನ್ನೊಂದು ಗಂಟೆಯವರೆಗೆ ಎಲೆಗಳ ಮೇಲಿನ ಇಬ್ಬನಿ ಆರುತ್ತಿರಲಿಲ್ಲ. ನಾನು ಶಾಲು ಹೊದ್ದು ಕೂತಿರುತ್ತಿದ್ದೆ. ಹವಾಲ್ದಾರರು ಸ್ವಲ್ಪ ದೂರದಲ್ಲಿ ನಿಂತು ತಂಬಾಕು ತಿಕ್ಕುತ್ತಿದ್ದರು. ಫೋನು ತೆಗೆದು ನೋಡಿದೆ. ಹಳ್ಳದಲ್ಲಿ ಸಿಗ್ನಲ್ ಇಲ್ಲ. ಮೇಲೆ ತಿರುವಿನಲ್ಲಿ ಒಂದು ಗೆರೆ ಬರುತ್ತದೆ.

"ಹಂಗಾರ ಮ್ಯಾಲೆ ನಿಂತ ಫೋನ್ ಮಾಡ್ಯಾರ ಮೇಡಂ," ಎಂದರು ಅವರು. "ಬೀಳೂಕಿಂತ ಮೊದಲ."

ತಲೆಯಾಡಿಸಿದೆ. ನಾನು ಎತ್ತದ ಆ ಫೋನು ಬಿದ್ದಮೇಲೆ ಸಹಾಯಕ್ಕೆ ಕರೆದದ್ದಲ್ಲ ಎಂದು ಸಮಾಧಾನ ಹೇಳಲು ಅವರು ಹುಡುಕಿಟ್ಟುಕೊಂಡ ಮಾತು ಅದೆಂದು ಗೊತ್ತಾಗುತ್ತಿತ್ತು. ಆದರೂ ನನ್ನೊಳಗೆ ಏನೂ ಅಲುಗಲಿಲ್ಲ.

ಡಿಗ್ರಿಗಳನ್ನು ಬರೆದಿಟ್ಟಿದ್ದ ನನ್ನ ಕಾಗದವನ್ನು ಡಾಕ್ಟರು ಎರಡು ಸಲ ಓದಿದಳು. "ಇಷ್ಟು ಥಂಡಿಯಲ್ಲಿ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. ಆರು ದಿನವೂ ಆಗಿರಬಹುದು. ಆದರೆ ಹುಳು ಹೆಚ್ಚಾದ ಹಾಗೆ ಅವುಗಳದ್ದೇ ಶಾಖ ಏಳುತ್ತದೆ. ಅದಕ್ಕೇ ಖಚಿತವಾಗಿ ಹೇಳಲಾರೆ."

"ಆರು ದಿನವಾದರೆ ಭಾನುವಾರ."

"ಹೌದು. ಆ ತಲೆಯ ಪೆಟ್ಟು ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಅನಿಸುವುದನ್ನು ಬರೆಯಲಿಕ್ಕೆ ಬರುವುದಿಲ್ಲ."

ಮೂರರಿಂದ ಆರು ದಿನ ಎಂದು ಬರೆದಳು. ನನ್ನ ಕಾಗದವನ್ನು ಮಡಚಿ ವಾಪಸು ಕೊಟ್ಟಳು. ಕೈ ತಣ್ಣಗಿತ್ತು, ಅವಳದೋ ನನ್ನದೋ.

ಕ್ರಿಯೆಗೆ ಬಂದ ಭಟ್ಟರು ಮುಂದಿನ ವರ್ಷದ ಶ್ರಾದ್ಧಕ್ಕೆ ಯಾವ ತಿಥಿ ಹಿಡಿಯಬೇಕೆಂದು ಕೇಳಿದರು. ವರದಿಯಲ್ಲಿ ಹೀಗಿದೆ ಎಂದೆ. ಮೂರೂ ಆಗಬಹುದು, ಆರೂ ಆಗಬಹುದು.

"ದಿನ ಗೊತ್ತಿಲ್ಲೆ ಅಂದ್ರೆ ಆ ತಿಂಗಳ ಅಮಾವಾಸ್ಯೆಗೆ ಮಾಡ್ಲಕ್ಕು ತಂಗಿ. ದೋಷ ಇಲ್ಲೆ," ಎಂದರು.

ಹಾಗೇ ಆಗಲಿ ಎಂದೆ. ಆಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದವರೆಲ್ಲ ಹೋದಮೇಲೆ, ಪಾತ್ರೆಗಳನ್ನು ಬೋರಲು ಹಾಕುತ್ತ, ನನ್ನ ಕಡೆ ತಿರುಗದೆ ಆ ಭಾನುವಾರದ ಬಗ್ಗೆ ಕೇಳಿದಳು:

"ಅಂವ ಆ ಐತ್ವಾರವೇ ಹೋದ್ನನೆ?"

ಜೀವಶಾಸ್ತ್ರದ ಪಾಠದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಬೇಕು ಎಂದು ಮಕ್ಕಳಿಗೆ ಹೇಳುತ್ತ ಬಂದವಳು ನಾನು.

"ಹೌದು ಆಯಿ. ಐತ್ವಾರವೇ."

"ಹಂಗಾದ್ರೆ ಚಳೀಲಿ ಕಾಯ್ಕಂತ ಬಿದ್ಕಂಡಿದ್ನಿಲ್ಲೆ."

"ಇಲ್ಲೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಳುವ ಸದ್ದು ಕೇಳಿಸಿತು. ಅಣ್ಣ ಸಿಕ್ಕ ದಿನದಿಂದ ಅವಳು ಅತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳ ಬೆನ್ನ ಮೇಲೆ ಕೈ ಇಡಬೇಕು ಎಂದು ಗೊತ್ತಿತ್ತು, ಇಟ್ಟೆ. ನನಗೆ ಇನ್ನೂ ಅಳು ಬಂದಿಲ್ಲ.