ಒಳಕ್ಕೆ ವಾಲುತ್ತಿದ್ದ ಮಂಡಿ

ಸಿದ್ದಾಪುರಕ್ಕೆ ವರ್ಗವಾಗಿ ಬಂದ ಮೇಲೆ ನಾನು ಮತ್ತೆ ಓಡಲು ಶುರುಮಾಡಿದೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್ ನಾನು. ಇಷ್ಟು ವರ್ಷ ಮಕ್ಕಳನ್ನು ಓಡಿಸಿದ್ದೇ ಹೆಚ್ಚು, ನಾನು ಓಡಿದ್ದು ಕಡಿಮೆ. ನಲವತ್ತೈದು ದಾಟಿತು, ಮೈ ಸ್ವಲ್ಪ ಹಗುರಾಗಲಿ ಎಂದು ಬೆಳಿಗ್ಗೆ ಮನ್ಮನೆಯ ಕಡೆಗೆ ನಾಲ್ಕು ಕಿಲೋಮೀಟರು ಓಡಿ ಬರುತ್ತಿದ್ದೆ. ಮೂರನೇ ತಿಂಗಳಿಗೆ ಬಲ ಮಂಡಿ ಹಿಡಿಯಿತು. ಚಿಪ್ಪಿನ ಹಿಂದೆ ಎಲ್ಲೋ ನೋವು. ಇಲ್ಲೇ ಎಂದು ಬೆರಳಿಟ್ಟು ತೋರಿಸಲು ಬಾರದು. ಏರುವಾಗ ಅಷ್ಟಿಲ್ಲ, ಇಳಿಯುವಾಗ ತಡೆಯಲಾಗದು. ಶಾಲೆಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುವ ಸ್ಥಿತಿ ಬಂದಾಗ ಶಿರಸಿಗೆ ಹೋದೆ.

ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಮಂಡಿಯನ್ನು ಒತ್ತಿ, ಮಡಚಿ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ನಿಲ್ಲಿಸಿದಳು.

“ಬಲಗಾಲ ಮೇಲೆ ಮಾತ್ರ ನಿಂತು ಸ್ವಲ್ಪ ಬಗ್ಗಿ ಮೇಡಂ. ಮಂಡಿ ಎತ್ಲಾಗೆ ಹೋಗ್ತದೆ ನೋಡಿ.”

ಬಗ್ಗಿದೆ. ಮಂಡಿ ನೇರ ಮುಂದೆ ಹೋಗದೆ ಒಳಕ್ಕೆ, ಎಡಗಾಲಿನ ಕಡೆಗೆ ವಾಲಿತು.

“ನಿಮ್ಮ ಮಂಡಿದು ಎಂತ ತಪ್ಪಿಲ್ಲ ಮೇಡಂ. ಸೊಂಟದ ಪಕ್ಕದ ಸ್ನಾಯುಗೆ ಶಕ್ತಿ ಸಾಲ್ತಿಲ್ಲ. ಅದು ತೊಡೆ ಹಿಡ್ಕೊಳ್ಳದಿದ್ರೆ ಮಂಡಿ ಒಳಗೆ ಬೀಳ್ತದೆ. ಓಡುವಾಗ ಹೆಜ್ಜೆಹೆಜ್ಜೆಗೂ ಹಿಂಗೇ. ಓಡುವ ಹೆಣ್ಮಕ್ಕಳಲ್ಲಿ ಇದನ್ನ ಸುಮಾರು ನೋಡ್ತೇವೆ.”

ಅವಳು ಇನ್ನೂ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಹೀಗೆ ಒಳಕ್ಕೆ ಬೀಳುವ ಕಾಲನ್ನು ನಾನು ಮೊದಲೇ ನೋಡಿದ್ದೆ. ಒಂದು ವರ್ಷ ದಿನವೂ ನೋಡಿದ್ದೆ.

ಏಳೆಂಟು ವರ್ಷದ ಹಿಂದೆ ನಾನು ಯಲ್ಲಾಪುರ ತಾಲೂಕಿನಲ್ಲಿದ್ದೆ. ಕಿರವತ್ತಿಯ ಒಬ್ಬಳು ಹುಡುಗಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ಅಪ್ಪ ಕಾಡಿನ ಕೆಲಸದ ಕೂಲಿ. ಸಾವಿರದೈನೂರು ಮೀಟರಿನಲ್ಲಿ ಅವಳ ಸಮಕ್ಕೆ ಓಡುವವರು ಶಾಲೆಯಲ್ಲಿ ಇರಲಿಲ್ಲ. ಓಡುವಾಗ ಅವಳ ಬಲ ಮಂಡಿ ಎಡ ಮಂಡಿಗೆ ತಾಗುವಂತೆ ಒಳಕ್ಕೆ ಬರುತ್ತಿತ್ತು. ಅವಳ ಓಟದ ರೀತಿಯೇ ಹಾಗೆ ಎಂದುಕೊಂಡಿದ್ದೆ. ಜಿಲ್ಲೆಗೆ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿಗೆ ಸೇರಿಸಲು ಓಡಾಡುತ್ತೇನೆ ಎಂದು ಆಸೆ ಹುಟ್ಟಿಸಿದವಳೂ ನಾನೇ.

ತಾಲೂಕು ಕ್ರೀಡಾಕೂಟಕ್ಕೆ ಎರಡು ವಾರ ಇರುವಾಗ ಅವಳು ಬಂದು ನಿಂತಳು.

“ಅಕ್ಕೋರ, ಮಣಕಾಲ ಭಾಳ ನೋಯ್ತೈತ್ರಿ.”

ಸ್ಪ್ರೇ ಹೊಡೆದು, ಬ್ಯಾಂಡೇಜು ಸುತ್ತಿ, ಓಡುತ್ತ ಓಡುತ್ತ ಸರಿಯಾಗುತ್ತದೆ ಎಂದು ಕಳಿಸಿದೆ. ನಾಲ್ಕು ದಿನ ಬಿಟ್ಟು ಸಂಜೆಯ ಅಭ್ಯಾಸದ ಹೊತ್ತಿಗೆ ಅವಳು ಮೈದಾನದ ಅಂಚಿನಲ್ಲಿ ಕೂತುಬಿಟ್ಟಳು. ಅವತ್ತೇ ಮಧ್ಯಾಹ್ನ ಅವಳು ಬಿಸಿಯೂಟದ ಸಾಲಿಗೆ ಗೆಳತಿಯರ ಜೊತೆ ಓಡಿ ಬಂದದ್ದನ್ನು ನಾನು ಕಂಡಿದ್ದೆ.

“ಊಟಕ್ಕೆ ಓಡುವಾಗ ನೋಯದ ಕಾಲು ಇಲ್ಲಿ ಮಾತ್ರ ನೋಯ್ತದಾ? ನಾಟಕ ಸಾಕು, ಏಳು.”

ಉಳಿದ ಹುಡುಗಿಯರು ನಕ್ಕರು. ಅವಳು ಎದ್ದು ಓಡಿದಳು. ಆಮೇಲೆ ಕ್ರೀಡಾಕೂಟದವರೆಗೆ ಒಂದು ದಿನವೂ ನೋವಿನ ಮಾತೆತ್ತಲಿಲ್ಲ. ಬೈದದ್ದು ಒಳ್ಳೆಯದಾಯಿತು ಎಂದು ನಾನು ಸಹೋದ್ಯೋಗಿಗಳ ಹತ್ತಿರ ಹೇಳಿಕೊಂಡದ್ದೂ ಉಂಟು.

ಸ್ಪರ್ಧೆಯ ದಿನ ಕೊನೆಯ ಸುತ್ತಿನವರೆಗೆ ಅವಳೇ ಮುಂದಿದ್ದಳು. ತಿರುವಿನಲ್ಲಿ ಕಾಲು ತಡವರಿಸಿತು. ಮೂವರು ದಾಟಿ ಹೋದರು. ಕುಂಟುತ್ತ ಗೆರೆ ಮುಟ್ಟಿ ಅವಳು ನನ್ನನ್ನು ಹುಡುಕಿದಳು. ನಾನು ಕಂಡೂ ಕಾಣದವಳಂತೆ ಮುಂದಿನ ಸ್ಪರ್ಧೆಯ ಮಕ್ಕಳ ಹೆಸರು ಬರೆಯುತ್ತ ನಿಂತೆ. ಮತ್ತೆ ಅವಳು ಮೈದಾನಕ್ಕೆ ಇಳಿಯಲಿಲ್ಲ. ಹತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟಳು.

ಶಿರಸಿಯ ಫಿಸಿಯೋಥೆರಪಿಸ್ಟ್ ನನಗೆ ಕಲಿಸಿಕೊಟ್ಟದ್ದು ದೊಡ್ಡ ಕಸರತ್ತೇನಲ್ಲ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರ ಎತ್ತಿ ಇಳಿಸುವುದು. ಮಂಡಿ ಮಡಚಿ ಅಂಗಾತ ಮಲಗಿ ಸೊಂಟವನ್ನು ಮೇಲೆತ್ತಿ ಹಿಡಿಯುವುದು. ತೊಡೆಗೆ ರಬ್ಬರ್ ಪಟ್ಟಿ ಹಾಕಿಕೊಂಡು ಅಡ್ಡಡ್ಡ ನಡೆಯುವುದು. ಮೊದಲ ವಾರ ಹತ್ತು ಸಲ ಎತ್ತುವಷ್ಟರಲ್ಲಿ ಸೊಂಟದ ಪಕ್ಕ ಉರಿಯುತ್ತಿತ್ತು. ಎರಡು ತಿಂಗಳಿಗೆ ಮೆಟ್ಟಿಲನ್ನು ನೇರವಾಗಿ ಇಳಿದೆ. ಇಳಿದ ದಿನ ಸಂತೋಷವಾಗಲಿಲ್ಲ. ಕಿರವತ್ತಿಯ ಹುಡುಗಿಗೂ ಇಷ್ಟೇ ಸಾಕಾಗಿತ್ತಲ್ಲ, ನೆಲದ ಮೇಲೆ ಒಂದು ಚಾಪೆ, ದಿನಕ್ಕೆ ಅರ್ಧ ಗಂಟೆ, ಎಂದು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅವಳು ಈಗ ಕಿರವತ್ತಿಯ ಹೆದ್ದಾರಿ ಬದಿಯ ಒಂದು ಢಾಬಾದಲ್ಲಿ ರೊಟ್ಟಿ ಬಡಿಯುತ್ತಾಳೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಒಂದು ಭಾನುವಾರ ಇನ್ನೊಂದು ರಬ್ಬರ್ ಪಟ್ಟಿ ಕೊಂಡು ಬಸ್ಸು ಹತ್ತಿದೆ.

“ಯವ್ವಾ, ಅಕ್ಕೋರು! ಬರ್ರಿ, ಕುಂದರ್ರಿ,” ಎಂದು ಅಡುಗೆಮನೆಯಿಂದ ಹೊರಬಂದಳು. ಮೂರೇ ಮೆಟ್ಟಿಲು, ಗೋಡೆ ಹಿಡಿದು ಅಡ್ಡಡ್ಡ ಇಳಿದಳು.

“ಇನ್ನೂ ನೋಯ್ತದಾ?” ಎಂದು ಕೇಳಿದೆ.

“ಇಳಿಯೂವಾಗ ಅಷ್ಟರಿ. ಕುಕ್ಕರಗಾಲಲೆ ಕುಂತ್ರ ಏಳಾಕ ಆಗಂಗಿಲ್ಲ. ರೂಢಿ ಆಗೈತ್ರಿ.”

ನಾನು ಬಂದ ಕಾರಣ ಹೇಳಿದೆ. ನನ್ನ ಮಂಡಿಯ ವಿಷಯ, ಸೊಂಟದ ವಿಷಯ, ಅವಳ ಓಟದಲ್ಲಿ ನಾನು ಕಂಡೂ ತಿಳಿಯದೇ ಹೋದದ್ದು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಕೇಳಿದಳು. ಆಮೇಲೆ ಬಲ ಮಂಡಿಯ ಮೇಲೆ ಕೈಯಿಟ್ಟು,

“ಹಂಗಾರ ಅದು ಖರೇನ ನೋಯ್ತಿತ್ತೇನ್ರಿ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ನೀವು ನಾಟಕ ಅಂದಿಂದ ನನಗೂ ಹಂಗ ಅನಸ್ತಿತ್ರಿ. ನಾನ ಅಂಜಬುರುಕಿ, ಸೋಲ್ತೀನಿ ಅಂತ ನೋವು ಮಾಡ್ಕೊಂತೀನಿ ಅಂತ. ಈಗೂ ನೋಯೂವಾಗ ಹಂಗ ಅಂದ್ಕೊಂತೀನ್ರಿ.”

ತಪ್ಪಾಯಿತು ಎಂದು ಹೇಳಲು ಬಂದಿದ್ದೆ. ಹೇಳಿದೆ ಕೂಡ. ಅವಳು “ಬಿಡ್ರಿ ಅಕ್ಕೋರ, ಆಗಿದ್ದು ಆತು” ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಹಿಂದಿನ ಕೋಣೆಯಲ್ಲಿ ಚೀಲ ಹಾಸಿಕೊಂಡು ಅವಳು ಮಗ್ಗುಲಾದಳು. ಸೊಂಟ ಹಿಂದಕ್ಕೆ ಹೊರಳದಂತೆ ನಾನು ಹಿಡಿದುಕೊಂಡೆ. ಎಂಟು ಸಲ ಎತ್ತುವಷ್ಟರಲ್ಲಿ ಕಾಲು ನಡುಗತೊಡಗಿತು. ಸಾಕು ಎಂದೆ.

“ಇಲ್ರಿ, ಹತ್ತು ಅಂದೀರಿ,” ಎಂದು ಗೋಡೆಯ ಕಡೆ ಮುಖ ಮಾಡಿ ಇನ್ನೆರಡು ಸಲ ಎತ್ತಿದಳು.

ಮೂರು ತಿಂಗಳ ಮೇಲೆ ಅವಳೇ ಫೋನು ಮಾಡಿದಳು. ನೋವು ಬಹಳ ಕಡಿಮೆಯಾಗಿದೆ, ಕೂತು ಏಳಬಲ್ಲೆ ಎಂದಳು. ಧ್ವನಿಯಲ್ಲಿ ಗೆಲುವಿತ್ತು. ನನಗೂ ಧೈರ್ಯ ಬಂತು.

“ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಬರ್ತೇನೆ. ಇಬ್ಬರೂ ನಿಧಾನಕ್ಕೆ ಸ್ವಲ್ಪ ಓಡುವನಾ?”

ಆ ಕಡೆ ಅವಳು ಹಂಚಿನ ಮೇಲೆ ರೊಟ್ಟಿ ಮಗುಚಿದ ಸದ್ದು ಕೇಳಿಸಿತು.

“ಓಡಾಕ ಕಾಲು ಬರಬಹುದ್ರಿ ಅಕ್ಕೋರ. ಮನಸ್ಸು ಬರಂಗಿಲ್ಲ. ಒಲಿ ಮ್ಯಾಲ ಹಂಚೈತಿ, ಇಡ್ತೀನ್ರಿ.”

ನಾನು ಮತ್ತೆ ಕೇಳಲಿಲ್ಲ. ಈಗಲೂ ಹಬ್ಬ ಹುಣ್ಣಿಮೆಗೆ ಮಾತಾಡುತ್ತೇವೆ. ಮಂಡಿ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಓಟದ ಮಾತನ್ನು ಇಬ್ಬರೂ ಎತ್ತುವುದಿಲ್ಲ.